ಮೀಸೆಗೆ ಮಣ್ಣಾದರೂ ಸರಿ



ಸಿಂಧನೂರಿನಿಂದ ಸಿರುಗುಪ್ಪದ ಹಾದಿ ಹಿಡಿದರೆ ದಢೇಸುಗೂರಿನ ಹತ್ತಿರ ತುಂಗಭದ್ರೆಯನ್ನು ದಾಟುತ್ತೇವೆ. ಸುತ್ತಲೂ ಭತ್ತದ ಗದ್ದೆಗಳು. ಸುಗ್ಗಿಯ ಕಾಲದಲ್ಲಿ 75 ಕಿಲೋ ತೂಕದ ಭತ್ತದ ಚೀಲವನ್ನು ಬೆನ್ನ ಮೇಲೇರಿಸಿಕೊಂಡು ಲಾರಿ ತುಂಬುವ ಯುವಕರನ್ನು ನೀವು ಕಂಡಿದ್ದೀರಿ. ನಿಮ್ಮ ಮನೆಯ ಮಗನೇ ಅವರಲ್ಲಿ ಒಬ್ಬನಾಗಿರಬಹುದು. ಜಾತ್ರೆ ಬಂತೆಂದರೆ ಗುಂಡುಕಲ್ಲು ಎತ್ತುವ ಪಂದ್ಯ, ಕುಸ್ತಿಯ ಜೋಡಿ, ಗೆದ್ದವನಿಗೆ ಹೆಗಲ ಮೇಲೆ ಮೆರವಣಿಗೆ. ನಮ್ಮ ಕಡೆ ಮೈಬಲಕ್ಕೆ ಬಹಳ ಮರ್ಯಾದೆ.

ಆದರೆ ಅದೇ ಮೈ ಸೋತಾಗ ಏನು ಮಾಡುತ್ತೇವೆ? ಮುಚ್ಚಿಡುತ್ತೇವೆ. ಗಂಡನಿಗೆ ಬಂದ ಕಾಯಿಲೆ ಹೆಂಡತಿಗೆ ತಿಳಿಯಬಾರದು, ಮಗಳಿಗೆ ಬಂದದ್ದು ಬೀಗರಿಗೆ ತಿಳಿಯಬಾರದು, ಮನೆಗೆ ಬಂದದ್ದು ಓಣಿಗೆ ತಿಳಿಯಬಾರದು. “ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ” ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಆದರೆ ಬಿದ್ದದ್ದನ್ನು ಒಪ್ಪಿಕೊಳ್ಳದ ಆ ಜಟ್ಟಿ ನಮ್ಮೆಲ್ಲರ ಮನೆಯಲ್ಲೂ ಇದ್ದಾನೆ.

ಈ ವಾರ, ಬಿದ್ದದ್ದನ್ನು ಮುಚ್ಚಿಡದೆ ಎದ್ದು ನಿಂತ ಒಬ್ಬ ಜಟ್ಟಿಯ ಜೀವನವನ್ನು ಅಭ್ಯಾಸ ಮಾಡೋಣ.

ಕಾಲು ಹಿಡಿಯದ ಕುಸ್ತಿ

ಒಲಿಂಪಿಕ್ಸ್‌ನಲ್ಲಿ ಎರಡು ಬಗೆಯ ಕುಸ್ತಿ ಇದೆ. ಒಂದು ಫ್ರೀಸ್ಟೈಲ್. ನಮ್ಮ ಗರಡಿಯ ಕುಸ್ತಿಯಂತೆ ಇದರಲ್ಲಿ ಎದುರಾಳಿಯ ಕಾಲಿಗೆ ಕೈ ಹಾಕಿ ಕೆಡವಬಹುದು. ಇನ್ನೊಂದು ಗ್ರೀಕೋ–ರೋಮನ್. ಹೆಸರು ಪುರಾತನವಾದರೂ ಇದರ ಈಗಿನ ರೂಪ ಮೂಡಿದ್ದು 19ನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ. 1908ರಿಂದ ಪ್ರತಿಯೊಂದು ಒಲಿಂಪಿಕ್ ಕ್ರೀಡಾಕೂಟದಲ್ಲೂ ಇದು ನಡೆದುಕೊಂಡು ಬಂದಿದೆ.

ಇದರ ಮುಖ್ಯ ನಿಯಮ ಒಂದೇ: ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಕೊಟ್ಟು ಬೀಳಿಸುವಂತಿಲ್ಲ. ಹಾಗಾಗಿ ಇಬ್ಬರು ಪೈಲ್ವಾನರೂ ಎದೆಗೆ ಎದೆ ಕೊಟ್ಟು ನಿಲ್ಲಲೇಬೇಕು. ತೋಳು, ಕುತ್ತಿಗೆ, ಬೆನ್ನು, ಇಷ್ಟರ ಬಲದಲ್ಲೇ ಎದುರಾಳಿಯನ್ನು ಎತ್ತಬೇಕು, ಹೊರಳಿಸಬೇಕು, ಎರಡೂ ಭುಜಗಳನ್ನು ನೆಲಕ್ಕೆ ಒತ್ತಬೇಕು. ಭಾರೀ ತೂಕದ ವಿಭಾಗದಲ್ಲಿ ಎದುರಾಳಿ 100 ಕಿಲೋಗೂ ಹೆಚ್ಚು ತೂಗುತ್ತಾನೆ. ಭತ್ತದ ಚೀಲವಾದರೋ ಸುಮ್ಮನೆ ಬೆನ್ನೇರುತ್ತದೆ, ಇವನು ತಿರುಗಿ ಬೀಳುತ್ತಾನೆ!

ಭಾರತಕ್ಕೆ ಒಲಿಂಪಿಕ್ ಕುಸ್ತಿಯಲ್ಲಿ ಮೊದಲ ಪದಕ ತಂದವರು ಮಹಾರಾಷ್ಟ್ರದ ಕರಾಡ ಕಡೆಯ ಖಾಶಾಬಾ ಜಾಧವ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರು ಕಂಚು ಗೆದ್ದರು. 2024ರ ಪ್ಯಾರಿಸ್ ಕೂಟದವರೆಗೆ ನಮ್ಮ ದೇಶಕ್ಕೆ ಕುಸ್ತಿಯಲ್ಲಿ ಬಂದ ಒಲಿಂಪಿಕ್ ಪದಕಗಳೆಲ್ಲವೂ ಫ್ರೀಸ್ಟೈಲಿನವೇ. ಗ್ರೀಕೋ–ರೋಮನ್‌ನಲ್ಲಿ ಒಂದೂ ಬಂದಿಲ್ಲ. ಆದರೂ ಈ ಕಠಿಣ ಕುಸ್ತಿಯಲ್ಲಿ ನಮ್ಮ ಕರ್ನಾಟಕದವರೇ ಆದ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಏಷ್ಯಾ ಮಟ್ಟದಲ್ಲಿ ಹೆಸರು ಮಾಡಿದ್ದಾರೆ. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕಿಲೋ ವಿಭಾಗದ ಸೆಮಿಫೈನಲ್‌ನಲ್ಲಿ ಅವರು ಇರಾನಿನ ಪೈಲ್ವಾನನ ಮೇಲೆ ದೊಡ್ಡ ಮುನ್ನಡೆ ಪಡೆದಿದ್ದೂ ಕೊನೆಗೆ ಸೋತರು. ಅಂಥ ಸೋಲು ಮನುಷ್ಯನನ್ನು ಮುರಿದುಬಿಡಬಹುದು. ಆದರೆ ಮುಂದಿನ ಪಂದ್ಯಕ್ಕೆ ಅವರು ಎದ್ದು ಬಂದರು, ಕಂಚಿನ ಪದಕ ಗೆದ್ದರು. 2022ರಲ್ಲಿ ಮಂಗೋಲಿಯಾ ದೇಶದಲ್ಲಿ ಮತ್ತೊಂದು ಏಷ್ಯನ್ ಕಂಚು ಅವರದಾಯಿತು.

ಇನ್ನು ಒಲಿಂಪಿಕ್ ಚಿನ್ನದ ಮಾತಿಗೆ ಬಂದರೆ, ರಷ್ಯಾದ ಅಲೆಕ್ಸಾಂಡರ್ ಕರೆಲಿನ್ ಇದೇ ಕುಸ್ತಿಯಲ್ಲಿ ಮೂರು ಬಾರಿ ಚಿನ್ನ ಗೆದ್ದರು. ಕ್ಯೂಬಾದ ಮಿಹಾಯಿನ್ ಲೋಪೆಸ್ 2008ರಿಂದ 2024ರವರೆಗೆ ಐದು ಕೂಟಗಳಲ್ಲಿ ಐದು ಚಿನ್ನ ಗೆದ್ದರು. ಅವರ ಮುಂದೆ ಒಂದೇ ಒಂದು ಚಿನ್ನ ಗೆದ್ದ ಅಮೆರಿಕದ ಜೆಫ್ ಬ್ಲಾಟ್ನಿಕ್ ಸಣ್ಣವರೆನಿಸಬಹುದು. ಆದರೆ ಕುಟುಂಬಗಳಿಗೆ ಹೇಳಬೇಕಾದ ಮಾತು ಅವರ ಜೀವನದಲ್ಲೇ ಹೆಚ್ಚಿದೆ.

ಕುತ್ತಿಗೆಯಲ್ಲೊಂದು ಗಂಟು

ಬ್ಲಾಟ್ನಿಕ್ ಹುಟ್ಟಿದ್ದು 1957ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. 1977ರಲ್ಲಿ, ಅವರಿನ್ನೂ ಕಾಲೇಜಿನಲ್ಲಿದ್ದಾಗ, ಅಣ್ಣ ಡೇವ್ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಅದು ಮೊದಲ ಪೆಟ್ಟು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಹೋಗುವ ತಂಡದಲ್ಲಿ ಅವರಿಗೆ ಸ್ಥಾನ ಸಿಕ್ಕಿತು. ಆದರೆ ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಆ ಕೂಟವನ್ನು ಬಹಿಷ್ಕರಿಸಿತು. ವರ್ಷಗಟ್ಟಲೆ ಸುರಿಸಿದ ಬೆವರು ಕಣಕ್ಕೆ ಇಳಿಯುವ ಮೊದಲೇ ಇಂಗಿಹೋಯಿತು. ಇದು ಎರಡನೆಯ ಪೆಟ್ಟು.

ಮೂರನೆಯದು 1982ರಲ್ಲಿ ಬಂತು. ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆ ಮಾಡಿಸಿದಾಗ ಹಾಜ್‌ಕಿನ್ ರೋಗವೆಂದು ತಿಳಿಯಿತು. ಇದು ದುಗ್ಧರಸ ಗ್ರಂಥಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರ್. ಆಗ ಅವರಿಗೆ 25 ವರ್ಷದ ಪ್ರಾಯ. ಬೆಟ್ಟದಂಥ ಮೈಕಟ್ಟು, ಒಳಗೆ ಇಂಥ ಕಾಯಿಲೆ!

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ಕುಸ್ತಿಯವನಿಗೆ ಕುತ್ತಿಗೆಯ ಗಂಟು ದೊಡ್ಡ ವಿಷಯವೇ? ಪೆಟ್ಟು ಬಿದ್ದಿರಬೇಕು, ನರ ಉಳುಕಿರಬೇಕು, ಒಲಿಂಪಿಕ್ಸ್ ಮುಗಿದ ಮೇಲೆ ನೋಡಿದರಾಯಿತು ಎಂದು ಅವರು ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ವೈದ್ಯರ ಕೈಗೆ ತಮ್ಮನ್ನು ಒಪ್ಪಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮವನ್ನು ತೆಗೆದರು, ಮೇಲೆ ವಿಕಿರಣ ಚಿಕಿತ್ಸೆ ನಡೆಯಿತು. ಕುಸ್ತಿಯ ಚಾಪೆಯಿಂದ ದೂರವಿದ್ದು, ದೇಹದ ಶಕ್ತಿ ಇಳಿಯುವುದನ್ನು ಸಹಿಸಿಕೊಂಡು, ಮತ್ತೆ ಮೊದಲಿನಿಂದ ಅಭ್ಯಾಸ ಆರಂಭಿಸಿದರು.

ಮೊಣಕಾಲೂರಿದ ಗೆಲುವು

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಈ ಸಲ ಬಹಿಷ್ಕರಿಸಿದ್ದು ಸೋವಿಯತ್ ಬಣ. ಹಾಗಾಗಿ ಕೆಲವು ಬಲಿಷ್ಠ ಪೈಲ್ವಾನರು ಬಂದಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಲ್ಲಿಯವರೆಗೆ ಅಮೆರಿಕ ಗ್ರೀಕೋ–ರೋಮನ್‌ನಲ್ಲಿ ಒಂದು ಪದಕವನ್ನೂ ಕಂಡಿರಲಿಲ್ಲ. 100 ಕಿಲೋಗೂ ಮೇಲ್ಪಟ್ಟವರ ವಿಭಾಗದ ಅಂತಿಮ ಪಂದ್ಯದಲ್ಲಿ ಬ್ಲಾಟ್ನಿಕ್ ಎದುರು ನಿಂತವರು ಸ್ವೀಡನ್ನಿನ ತೋಮಾಸ್ ಯೋಹಾನ್ಸನ್. ಬ್ಲಾಟ್ನಿಕ್ 2–0 ಅಂಕಗಳಿಂದ ಗೆದ್ದರು.

ಗೆದ್ದವರು ಸಾಮಾನ್ಯವಾಗಿ ತೋಳು ಮೇಲೆತ್ತಿ ಕುಣಿಯುತ್ತಾರೆ. ಬ್ಲಾಟ್ನಿಕ್ ಚಾಪೆಯ ಮೇಲೆ ಮೊಣಕಾಲೂರಿದರು, ಶಿಲುಬೆಯ ಗುರುತು ಮಾಡಿಕೊಂಡರು, ಅತ್ತರು. ದೂರದರ್ಶನದ ಮುಂದೆ ಮಾತಾಡುವಾಗಲೂ ಅಳು ನಿಲ್ಲಲಿಲ್ಲ. ಎರಡು ವರ್ಷಗಳ ಹಿಂದೆ ಕ್ಯಾನ್ಸರ್ ವಾರ್ಡಿನಲ್ಲಿದ್ದ ಆ ದೈತ್ಯ ದೇಹದ ಮನುಷ್ಯ ಕಣ್ಣೀರನ್ನು ಯಾರಿಂದಲೂ ಮರೆಮಾಚಲಿಲ್ಲ. ಸಮಾರೋಪದ ದಿನ ಅಮೆರಿಕದ ಧ್ವಜ ಹಿಡಿಯಲು ಸಹ ಕ್ರೀಡಾಳುಗಳು ಅವರನ್ನೇ ಆರಿಸಿದರು.

ಸೋತ ಯೋಹಾನ್ಸನ್ ಅವರ ಕಥೆಯೂ ತಿಳಿಯತಕ್ಕದ್ದು. ನಿಷೇಧಿತ ಔಷಧ ಸೇವಿಸಿದ್ದು ಪರೀಕ್ಷೆಯಲ್ಲಿ ಪತ್ತೆಯಾಗಿ ಅವರ ಬೆಳ್ಳಿ ಪದಕ ಕಿತ್ತುಕೊಳ್ಳಲಾಯಿತು. ಜಗತ್ತಿನ ಮುಂದೆ ಅವಮಾನ. ಆದರೆ ಅವರೂ ಅಲ್ಲಿಗೇ ಮುಗಿದು ಹೋಗಲಿಲ್ಲ. 1988ರಲ್ಲಿ ಕಂಚು, 1992ರಲ್ಲಿ ಬೆಳ್ಳಿ ಗೆದ್ದು ಒಲಿಂಪಿಕ್ ವೇದಿಕೆಯ ಮೇಲೆ ನಿಂತರು. ತಪ್ಪು ಮಾಡಿದವನನ್ನು ಜೀವಮಾನವಿಡೀ ಅದೇ ತಪ್ಪಿನ ಹೆಸರಿನಿಂದ ಕರೆಯುವ ನಮಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ.

ಮತ್ತೆ ಬಂತು

ಕಥೆ ಚಿನ್ನದೊಂದಿಗೆ ಮುಗಿದಿದ್ದರೆ ಹೇಳುವವರಿಗೂ ಕೇಳುವವರಿಗೂ ಸುಲಭವಾಗುತ್ತಿತ್ತು. ದೇವರಿಗೆ ಮೊರೆಯಿಟ್ಟ, ಗುಣವಾದ, ಗೆದ್ದ ಎಂದು ಹೇಳಿ ಮುಗಿಸಬಹುದಿತ್ತು. ಆದರೆ 1985ರಲ್ಲಿ ಕ್ಯಾನ್ಸರ್ ಮತ್ತೆ ಬಂತು. ಆಗ ಅವರ ಬಳಿ ಚಿನ್ನದ ಪದಕವಿತ್ತು, ಕೀರ್ತಿ ಇತ್ತು, ಶಿಲುಬೆಯ ಗುರುತು ಮಾಡಿದ ಆ ಗಳಿಗೆಯೂ ನೆನಪಿನಲ್ಲಿತ್ತು. ರೋಗ ಇವೊಂದನ್ನೂ ಕೇಳಲಿಲ್ಲ.

ನಮ್ಮಲ್ಲಿ ಎಷ್ಟೋ ಕುಟುಂಬಗಳು ಈ ಘಟ್ಟದಲ್ಲೇ ಕುಸಿಯುತ್ತವೆ. ಮೊದಲ ಬಾರಿ ಧೈರ್ಯ ಮಾಡಿದವರು ಎರಡನೆಯ ಬಾರಿ, “ನಮ್ಮ ಪ್ರಾರ್ಥನೆಯಲ್ಲಿ ಏನು ಕೊರತೆಯಾಯಿತು?” ಎಂದು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಅಕ್ಕಪಕ್ಕದವರೂ ಅದನ್ನೇ ಪಿಸುಗುಡುತ್ತಾರೆ. ಹಾಗೆ ಪಿಸುಗುಡುವುದು ಪಾಪವೆಂದು ತಿಳಿಯಿರಿ. ರೋಗ ಮರುಕಳಿಸುವುದು ದೇಹದ ಸ್ವಭಾವ, ವಿಶ್ವಾಸದ ಸೋಲಲ್ಲ.

ಬ್ಲಾಟ್ನಿಕ್ ಮತ್ತೊಮ್ಮೆ ಆಸ್ಪತ್ರೆಗೆ ಹೋದರು. ಈ ಸಲ ಔಷಧಿಯ ಕೀಮೋಥೆರಪಿ. ಮತ್ತೆ ಗುಣವಾದರು. ಕುಸ್ತಿ ಬಿಟ್ಟ ಮೇಲೆ ದೂರದರ್ಶನದಲ್ಲಿ ವೀಕ್ಷಕ ವಿವರಣೆ ನೀಡಿದರು, ಊರೂರು ಸುತ್ತಿ ತಮ್ಮ ಕಾಯಿಲೆಯ ಕಥೆಯನ್ನು ಸಭೆಗಳಲ್ಲಿ ಬಿಚ್ಚಿ ಹೇಳಿದರು, ಶಾಲಾ ಮಕ್ಕಳಿಗೆ ಕುಸ್ತಿ ಕಲಿಸಿದರು. 2012ರ ಅಕ್ಟೋಬರ್ 24ರಂದು, 55ನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡರು. 25ನೆಯ ವಯಸ್ಸಿಗೆ ಮುಗಿದುಹೋಗಬಹುದಾಗಿದ್ದ ಬಾಳಿಗೆ ಮೂವತ್ತು ವರ್ಷಗಳು ಹೆಚ್ಚಾಗಿ ದೊರೆತವು. ಅವುಗಳಲ್ಲಿ ಬಹುಪಾಲನ್ನು ಅವರು ಇತರರಿಗೆ ಧೈರ್ಯ ಹೇಳಲು ಬಳಸಿದರು.

ಹೆಸರು ಹೇಳಿದ ಜಟ್ಟಿ

ಪವಿತ್ರ ಗ್ರಂಥದಲ್ಲೂ ಒಬ್ಬ ಜಟ್ಟಿ ಇದ್ದಾನೆ. ಆದಿಕಾಂಡದ 32ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿರಿ. ಯಕೋಬನು ಹೊಳೆಯ ದಡದಲ್ಲಿ ಒಂಟಿಯಾಗಿ ಬೆಳಗಿನ ತನಕ ಸೆಣಸಾಡುತ್ತಾನೆ. ತೊಡೆಯ ಕೀಲು ತಪ್ಪಿದರೂ ಹಿಡಿದ ಕೈ ಬಿಡುವುದಿಲ್ಲ, ಆಶೀರ್ವಾದ ಕೇಳುತ್ತಾನೆ. ಆಗ ಅವನ ಹೆಸರೇನೆಂದು ಪ್ರಶ್ನೆ ಬರುತ್ತದೆ. ಹಿಂದೆ ಕುರುಡ ತಂದೆಯಿಂದ ಆಶೀರ್ವಾದ ಪಡೆಯುವಾಗ ಇದೇ ಯಕೋಬ ತನ್ನ ಹೆಸರನ್ನು ಮರೆಮಾಚಿ ಅಣ್ಣನ ಹೆಸರು ಹೇಳಿದ್ದ. ಈ ರಾತ್ರಿ ತನ್ನ ನಿಜವಾದ ಹೆಸರನ್ನೇ ಹೇಳುತ್ತಾನೆ, ಆಶೀರ್ವಾದವನ್ನೂ ಪಡೆಯುತ್ತಾನೆ. ಕುಂಟುತ್ತಾ ಹೋಗುತ್ತಾನೆ ನಿಜ, ಆದರೆ ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ.

ಕಾಯಿಲೆಗೂ ಅದರ ಹೆಸರು ಹೇಳಬೇಕು. ಅದು ಚಿಕಿತ್ಸೆಯ ಮೊದಲ ಮೆಟ್ಟಿಲು.

ನಮ್ಮ ಮನೆಗೆ ಪಾಠ

ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಎರಡು ಮೂರು ವಾರವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ನೋವಿಲ್ಲವೆಂದು ಸುಮ್ಮನಿರಬೇಡಿರಿ. ಜೊತೆಗೆ ಬಿಡದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರಂತೂ ತಡಮಾಡಲೇಬೇಡಿರಿ. ಅಂಥ ಗಂಟು ಕ್ಷಯದಿಂದಲೂ ಬರಬಹುದು, ಸಾಮಾನ್ಯ ಸೋಂಕಿನಿಂದಲೂ ಬರಬಹುದು. ಯಾವುದೆಂದು ಪರೀಕ್ಷೆಯೇ ಹೇಳಬೇಕು, ನೆರೆಮನೆಯವರಲ್ಲ. ಹಾಜ್‌ಕಿನ್ ರೋಗವು ಯುವಕ ಯುವತಿಯರಿಗೂ ಬರುತ್ತದೆ. ಬೇಗ ಚಿಕಿತ್ಸೆ ದೊರೆತರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ.

ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ನಮ್ಮ ಭಾಗಕ್ಕೆ ಹತ್ತಿರವಾಗುವಂತೆ ಕಲಬುರಗಿಯಲ್ಲೂ ಅದರ ಶಾಖೆ ಇದೆ. ಬಡ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪಡೆಯಬಹುದು. ಬಡ್ಡಿಗೆ ಸಾಲ ತರುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಪ್ರಾರ್ಥನೆ ಮಾಡಿರಿ, ಔಷಧಿಯನ್ನೂ ತೆಗೆದುಕೊಳ್ಳಿರಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿರಿ. ಮನೆಯಲ್ಲಿ ಒಬ್ಬರು ಬಿದ್ದರೆ ಆ ಸುದ್ದಿಯನ್ನು ಮುಚ್ಚುವ ಕೆಲಸಕ್ಕೆ ಶಕ್ತಿ ವ್ಯಯ ಮಾಡದೆ, ಅವರನ್ನು ಎತ್ತುವ ಕೆಲಸಕ್ಕೆ ಅದನ್ನು ಉಳಿಸಿಕೊಳ್ಳಿರಿ. ಮೀಸೆಗೆ ಮಣ್ಣಾದರೆ ಆಗಲಿ, ತೊಳೆದುಕೊಳ್ಳಬಹುದು.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಯಾರಾದರೂ ತಮ್ಮ ನೋವನ್ನು ಹೇಳಿಕೊಳ್ಳದೆ ನುಂಗುತ್ತಿದ್ದಾರೆಯೇ? ಅವರು ಹೇಳದಿರಲು ನಮ್ಮ ಮಾತು, ನಡತೆ ಕಾರಣವಾಗಿದೆಯೇ?

2. ಗಂಡುಮಕ್ಕಳು ಅಳಬಾರದೆಂದು ನಾವು ಕಲಿಸುತ್ತೇವೆ. ಒಲಿಂಪಿಕ್ ಚಾಂಪಿಯನ್ ಜಗತ್ತಿನ ಮುಂದೆ ಅತ್ತದ್ದರಿಂದ ಅವರ ಬಲ ಕಡಿಮೆಯಾಯಿತೇ?

3. ನಮ್ಮ ಧರ್ಮಕೇಂದ್ರದಲ್ಲಿ ದೀರ್ಘ ಕಾಯಿಲೆಯಿಂದ ನರಳುತ್ತಿರುವ ಒಂದು ಮನೆಯನ್ನು ನೆನೆಯಿರಿ. ಈ ಭಾನುವಾರ ಬಲಿಪೂಜೆಯ ನಂತರ ಆ ಮನೆಗೆ ಹೋಗಿ ಬರಲು ನಮ್ಮಲ್ಲಿ ಯಾರು ಸಿದ್ಧರಿದ್ದೀರಿ?