ತಾನಾಗಿ ಬೀಳುವ ಗೇರನ್ನು ಕೈಯಿಂದ ಇಳಿಸುವುದು

ಕಲಾವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಮೋಟಾರಿನ ಗೇರನ್ನು ಕುರಿತು ಬರೆಯಹೊರಟರೆ, ‘ಇವನಿಗೇಕೆ ಈ ಉಸಾಬರಿ?’ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನನ್ನ ಕಾಲೇಜಿನ ಫೀಸು ಮೂರು ವರ್ಷದಿಂದಲೂ ಹುಟ್ಟಿದ್ದು ಸ್ಟಿಯರಿಂಗ್ ಚಕ್ರದಿಂದ. ಅಪ್ಪಯ್ಯ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ, ಈಗ ನಮ್ಮೂರಿನ ಯಜಮಾನರೊಬ್ಬರ ಮನೆಯ ಕಾರಿಗೆ ಚಾಲಕರಾಗಿದ್ದಾರೆ. ಕಳೆದ ವರ್ಷ ಆ ಮನೆಗೆ ಕ್ಲಚ್ಚಿಲ್ಲದ ಕಾರು ಬಂದಿತು. “ಎಡಗಾಲಿಗೆ ಪಿಂಚಣಿ ಆಯ್ತು ಮಾರಾಯ” ಎಂದು ಅಪ್ಪಯ್ಯ ನಕ್ಕರು. “ಡಿ ಎಂಬಲ್ಲಿಗೆ ಹಾಕಿದರೆ ಮುಗಿಯಿತು, ಮತ್ತೆ ಆ ಹಿಡಿಯನ್ನು ಮುಟ್ಟಬೇಡ” ಎಂಬುದು ಯಜಮಾನರ ಅಪ್ಪಣೆ.

ಕಾರ್ತಿಕ ಮಾಸದಲ್ಲಿ ಒಂದು ಮದುವೆಗೆಂದು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟರು. 14 ತಿರುವುಗಳ ಆ ದಾರಿಯನ್ನು ಅಪ್ಪಯ್ಯ ನಿದ್ದೆಗಣ್ಣಿನಲ್ಲೂ ಬಲ್ಲರು. ಅಂದು ಮಾತ್ರ ಅಪ್ಪಣೆಯಂತೆ ಹಿಡಿಯನ್ನು ಮುಟ್ಟದೆ, ಬರಿಯ ಬ್ರೇಕಿನ ಮೇಲೆ ಇಳಿಸಿದರು. ಅರ್ಧಕ್ಕೂ ಹೆಚ್ಚು ತಿರುವು ಮುಗಿಯುವ ಹೊತ್ತಿಗೆ ಸುಟ್ಟ ವಾಸನೆ. ಬ್ರೇಕು ತುಳಿದರೆ ಕಾಲು ಹತ್ತಿಯೊಳಗೆ ಇಳಿದಂತೆ ಇಳಿಯುತ್ತಿತ್ತು. ಹೇಗೋ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಕಲ್ಲು ಕೊಟ್ಟು, ಮುಕ್ಕಾಲು ಗಂಟೆ ಕಾದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಊರಿಗೆ ಮರಳಿದ ಮೇಲೆ, “ಹಳೇ ಡ್ರೈವರಿಗೆ ಹೊಸ ಗಾಡಿ ಹೇಳಿದ್ದಲ್ಲ” ಎಂಬ ಮಾತು ನಮ್ಮ ಮನೆಯವರೆಗೂ ಬಂದಿತು. ಆ ರಾತ್ರಿ ಅಪ್ಪಯ್ಯ ಕಾರಿನೊಳಗಿದ್ದ ದಪ್ಪ ಪುಸ್ತಕವನ್ನು ನನ್ನ ಮುಂದಿಟ್ಟು, “ನೀನು ಇಂಗ್ಲಿಷು ಓದಿದವ, ಇದರಲ್ಲಿ ಏನುಂಟು ನೋಡು” ಎಂದರು. ಶೇಕ್ಸ್‌ಪಿಯರನ ನಾಟಕದ ಪ್ರಶ್ನೆಗೆ ಎರಡು ಪುಟ ಬರೆಯಬಲ್ಲ ನಾನು, ಆ ಪುಸ್ತಕದ ನಾಲ್ಕು ಪುಟಗಳಿಗಾಗಿ ನಿಘಂಟನ್ನು ಇಟ್ಟುಕೊಂಡು ಮೂರು ರಾತ್ರಿ ಕುಳಿತೆ. ಆಗ ತಿಳಿದದ್ದನ್ನೂ, ಅನಂತರ ಅಲ್ಲಿ ಇಲ್ಲಿ ಓದಿ ಕೇಳಿ ಸೇರಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬ್ರೇಕು ಏಕೆ ಸೋತಿತು ಎಂಬುದನ್ನು ನೋಡೋಣ. 1200 ಕಿಲೋ ತೂಕದ ಕಾರು 500 ಮೀಟರು ಎತ್ತರದಿಂದ ಕೆಳಗಿಳಿಯುತ್ತದೆಂದು ಇಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಓದಿ ಮರೆತಿದ್ದ ಸೂತ್ರದಂತೆ ಗುಣಿಸಿದರೆ ಸುಮಾರು 59 ಲಕ್ಷ ಜೌಲು ಶಕ್ತಿ ಆಗುತ್ತದೆ. ಹದಿನೆಂಟು ಲೀಟರು ತಣ್ಣೀರನ್ನು, ಎಂದರೆ ದೊಡ್ಡದೊಂದು ಕೊಡದ ನೀರನ್ನು, ಕುದಿಯುವ ಮಟ್ಟಕ್ಕೆ ತರಲು ಇಷ್ಟು ಕಾವು ಸಾಕು. ವೇಗ ಹೆಚ್ಚಬಾರದೆಂದರೆ ಇಷ್ಟೂ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಗಾಳಿ, ಟೈರುಗಳು ಸ್ವಲ್ಪ ಪಾಲು ಪಡೆಯುತ್ತವೆ. ಉಳಿದುದನ್ನೆಲ್ಲ ಬ್ರೇಕಿನ ಮೇಲೆ ಹೇರಿದರೆ ಅದು ಕಾದು ಕೆಂಡವಾಗುತ್ತದೆ. ಪ್ಯಾಡು ಕಾದಷ್ಟೂ ಅದರ ಹಿಡಿತ ಸಡಿಲುತ್ತದೆ. ಬ್ರೇಕಿನ ಎಣ್ಣೆಯದು ಇನ್ನೊಂದು ಕಥೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ 230 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ತೇವ ಹಿಡಿದ ಮೇಲೆ ಅದೇ ದರ್ಜೆಗೆ ಇಟ್ಟಿರುವ ಮಿತಿ 155 ಡಿಗ್ರಿ. ನಮ್ಮ ಮಲೆನಾಡಿನಲ್ಲಿ ತೇವಕ್ಕೆ ಬರವೇ? ಎಣ್ಣೆ ಕುದಿದು ಆವಿಯಾದರೆ, ಆವಿ ಅಮುಕಿದಷ್ಟೂ ಅಮುಕಿಕೊಳ್ಳುತ್ತದೆ, ಒತ್ತಡವನ್ನು ಮುಂದಕ್ಕೆ ಸಾಗಿಸುವುದಿಲ್ಲ. ಕಾಲು ಹತ್ತಿಯೊಳಗೆ ಇಳಿದಂತಾಗುವುದು ಆಗಲೇ.

ಈ ಭಾರವನ್ನು ಹಂಚಿಕೊಳ್ಳಬಲ್ಲದ್ದು ಎಂಜಿನ್ನು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲು ಎಂಜಿನ್ನಿನ ಗಾಳಿಯ ಬಾಗಿಲು ಮುಚ್ಚುತ್ತದೆ. ಪಿಸ್ಟನ್ನುಗಳು ಇಲ್ಲದ ಗಾಳಿಯನ್ನು ಎಳೆಯಲು ಹೆಣಗುತ್ತವೆ. ಆಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು, ಗಾಡಿ ಬಿಗಿಯುತ್ತದೆ. ಗೇರು ಕೆಳಗಿನದಾದಷ್ಟೂ ಚಕ್ರದ ಒಂದು ಸುತ್ತಿಗೆ ಎಂಜಿನ್ನು ಹೆಚ್ಚು ಸುತ್ತು ಸುತ್ತಬೇಕು, ಬಿಗಿತವೂ ಹೆಚ್ಚು. ಲಾರಿಯವರು ‘ಹತ್ತುವ ಗೇರಿನಲ್ಲೇ ಇಳಿ’ ಎನ್ನುವುದು ಇದಕ್ಕೇ.

ಸ್ವಯಂಚಾಲಿತ ಗೇರು ಎಡವುವುದೂ ಇಲ್ಲಿಯೇ. ಜನರಲ್ ಮೋಟಾರ್ಸಿನವರು 1940ರ ಮಾದರಿಯ ಓಲ್ಡ್ಸ್‌ಮೊಬೈಲಿನಲ್ಲಿ ಹೈಡ್ರಾ-ಮ್ಯಾಟಿಕ್ ಇಟ್ಟಂದಿನಿಂದ, 2014ರಲ್ಲಿ ನಮ್ಮ ಮಾರುತಿ ಸೆಲೆರಿಯೊ ಅಗ್ಗದ ಬಗೆಯೊಂದನ್ನು ತಂದ ತನಕ, ಒಳಗಿನ ರಚನೆ ಬಗೆಬಗೆಯಾಗಿದ್ದರೂ ಗೇರಿನ ಪೆಟ್ಟಿಗೆ ಮುಖ್ಯವಾಗಿ ನೋಡುವುದು ಎರಡನ್ನು: ಗಾಡಿಯ ವೇಗ, ಆಕ್ಸಿಲರೇಟರಿನ ಮೇಲಿನ ಕಾಲು. ಕಾಲು ತೆಗೆದರೆ, ‘ಇವನಿಗೆ ಬಲ ಬೇಡ’ ಎಂದು ತಿಳಿದು ಮೇಲಿನ ಗೇರಿಗೆ ಏರುತ್ತದೆ. ಮುಂದೆ ಇಳಿಜಾರಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಇಳಿಜಾರನ್ನು ಗ್ರಹಿಸಿ ಗೇರು ಹಿಡಿದಿಡುವ ಕಾರುಗಳು ಈಗ ಉಂಟು, ಎಲ್ಲವೂ ಹಾಗಲ್ಲ.

ಆದುದರಿಂದಲೇ ಆ ಹಿಡಿಯ ಪಕ್ಕದಲ್ಲಿ ಎಂ ಎಂಬ ಅಕ್ಷರವೂ, ಕೂಡುವ ಕಳೆಯುವ ಗುರುತುಗಳೂ ಇರುವುದು. ಕೆಲವಕ್ಕೆ ಎಲ್ ಅಥವಾ 2 ಎಂದಿರುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಬ್ರೇಕಿನಿಂದ ವೇಗ ತಗ್ಗಿಸಿ, ಹಿಡಿಯನ್ನು ಎಂ ಕಡೆಗೆ ಸರಿಸಿ, ಕಳೆಯುವ ಗುರುತಿನತ್ತ ಒಮ್ಮೆ ತಟ್ಟಬೇಕು. ಎಂಜಿನ್ನಿನ ದನಿ ಏರುತ್ತದೆ, ಹೆದರಬೇಕಾಗಿಲ್ಲ. ಸಾಲದಿದ್ದರೆ ಇನ್ನೊಮ್ಮೆ. ಒಮ್ಮೆಗೆ ಒಂದೇ ಗೇರು, ಅದೂ ತಿರುವಿನ ಮೊದಲು; ತಿರುವಿನ ನಡುವೆ, ಅದರಲ್ಲಿಯೂ ಆಗುಂಬೆಯ ಮಳೆಯಲ್ಲಿ, ಥಟ್ಟನೆ ಇಳಿಸಿದರೆ ಚಕ್ರ ಜಾರೀತು. ಎಂಜಿನ್ನಿಗೆ ಅತಿಯಾಗುವ ಗೇರನ್ನು ಇತ್ತೀಚಿನ ಕಾರಿನ ಗಣಕವು ಸಾಮಾನ್ಯವಾಗಿ ನಿರಾಕರಿಸುತ್ತದೆ. ಎಂಜಿನ್ನು ಹಿಡಿದಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲವಾದ ಕಾರಣ, ಬೆನ್ನಿಗೆ ಬರುವವರಿಗಾಗಿ ಬ್ರೇಕನ್ನು ಆಗಾಗ ಮೆಲ್ಲಗೆ ಮುಟ್ಟುವುದು ಒಳ್ಳೆಯದು.

ನ್ಯೂಟ್ರಲ್ಲಿನ ಮಾತು ಬಂದಾಗ ನಮ್ಮ ಮನೆಯಲ್ಲಿ ವಾದವೇ ಆಯಿತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಎಣ್ಣೆ ಉಳಿಸಿದವರ ಕಥೆಗಳನ್ನು ಅಪ್ಪಯ್ಯ ಬೇಕಾದಷ್ಟು ಬಲ್ಲರು. ಈಗಿನ ಎಂಜಿನ್ನು ಗೇರಿನಲ್ಲಿದ್ದು ಕಾಲು ತೆಗೆದಿದ್ದರೆ, ಬಹುಮಟ್ಟಿಗೆ ಇಂಜೆಕ್ಟರು ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ನಂದದಿರಲೆಂದು ಸ್ವಲ್ಪ ಸುಡಲೇಬೇಕು. “ಹಾಗಾದರೆ ನ್ಯೂಟ್ರಲ್ಲೇ ದುಬಾರಿಯನಾ?” ಎಂದು ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು.

ಹತ್ತುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಏರಿನಲ್ಲಿ ಪೆಟ್ಟಿಗೆಯು ಎರಡು ಗೇರುಗಳ ನಡುವೆ ತೂಗಾಡತೊಡಗಿದರೆ, ಕೆಳಗಿನದನ್ನು ಹಿಡಿದಿಟ್ಟರೆ ಸಾಕು.

ಜನವರಿಯಲ್ಲಿ ಯಜಮಾನರು ಮತ್ತೆ ಉಡುಪಿಗೆ ಹೊರಟಾಗ, ಸಾಮಾನು ಎತ್ತಿಡಲೆಂಬ ನೆಪದಲ್ಲಿ ನಾನೂ ಮುಂದಿನ ಸೀಟಿನಲ್ಲಿ ಕುಳಿತೆ. ಆಗುಂಬೆಯ ಮೊದಲ ತಿರುವಿಗೆ ಮುಂಚೆ ಅಪ್ಪಯ್ಯ ನನ್ನತ್ತ ಒಮ್ಮೆ ನೋಡಿ ಹಿಡಿಯನ್ನು ಸರಿಸಿದರು. ಮೂರು, ಆಮೇಲೆ ಎರಡು. “ಇದೇನು ಶಬ್ದ?” ಎಂದು ಹಿಂದಿನಿಂದ ಕೇಳಿಬಂದಿತು. “ಗಾಡಿ ಹಿಡಿದಿದೆ ಅಯ್ಯಾ” ಎಂದಷ್ಟೇ ಅಪ್ಪಯ್ಯ ಉತ್ತರ ಕೊಟ್ಟರು. ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ಇಳಿದು ಹೋಗಿ, ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ನನ್ನನ್ನೂ ಕರೆದು ಒಡ್ಡಿಸಿದರು. ಬೆಚ್ಚಗಿತ್ತು, ಅಷ್ಟೆ. ಯಜಮಾನರಿಗೆ ನಿದ್ದೆ ಹತ್ತಿತ್ತು.