ಬಿಸಿಯಾದರೆ ನಿಲ್ಲುವ ಯೆಜ್ಡಿ

ಪ್ರಶ್ನೆ: ಅಪ್ಪನ ಹಳೇ ಯೆಜ್ಡಿ ರೋಡ್‌ಕಿಂಗನ್ನು ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ. ಹುಣಸೂರು ಬಿಟ್ಟರೆ ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲಿ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ. ಏನು ಮಾಡಲಿ?

ಉತ್ತರ: ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿರಬಹುದು, ಶುಚಿ ಮಾಡಿ. ಆಗದಿದ್ದರೆ ಮುಚ್ಚಳ ಭದ್ರಪಡಿಸಿ, ಪೆಟ್ರೋಲ್ ಬಂದ್ ಮಾಡಿ. ಎಂಜಿನ್ನಿನ ಪ್ಲಗ್ ಬಿಚ್ಚದೆ, ಬೇರೊಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಕಿಡಿ ನೋಡಿ. ಕಿಡಿ ಹಳದಿಯಾಗಿ ಸೋತಿದ್ದರೆ ಕಂಡೆನ್ಸರ್ ಬದಲಿಸಿ, ಪಾಯಿಂಟ್ ಅಂತರ 0.4 ಮಿ.ಮೀ.ಗೆ ಹೊಂದಿಸಿ. ಆಮೇಲೂ ಸರಿಹೋಗದಿದ್ದರೆ ಕಾಯಿಲ್ ಪರೀಕ್ಷಿಸಿ.

ಬಿಳಿ ಹೊಗೆ ಹೆಚ್ಚಾಗಿ ಗೇರ್ ಆಯಿಲ್ ಇಳಿಯುತ್ತಿದ್ದರೆ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ ಪಡಿ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಮುಚ್ಚಿದರೂ ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿದ್ದಾರೆ, ಅವರಿಗೇ ಕೊಡಿ.