ಬುರುಡೆಯೊಳಗೆ ಜಾಗವಿಲ್ಲ

ದೊಡ್ಡಬಳ್ಳಾಪುರದ ತುರ್ತು ಚಿಕಿತ್ಸೆ ಕೊಠಡಿಗೆ ತಲೆಪೆಟ್ಟು ಹೊಸದಲ್ಲ. ಹಿಂದೂಪುರ ರಸ್ತೆಯಲ್ಲಿ ಬೈಕು ಜಾರಿದವರು, ಘಾಟಿ ದೇವಸ್ಥಾನಕ್ಕೆ ಹೋಗಿ ಬರುವಾಗ ಬಿದ್ದವರು, ಮಗ್ಗದಿಂದ ಹಾರಿದ ಲಾಳಿ ಬಡಿಸಿಕೊಂಡ ನೇಕಾರರು ಬರುತ್ತಲೇ ಇರುತ್ತಾರೆ. ಎಂಬಿಬಿಎಸ್ ಮೊದಲ ವರ್ಷ ಬುರುಡೆಯ ತೂತುಗಳ ಹೆಸರನ್ನು ಉರುಹೊಡೆದದ್ದು ಯಾಕೆಂದು ನನಗೆ ಅರ್ಥವಾದದ್ದು ಇಲ್ಲೇ.

1. ರಕ್ತದ ಪ್ರಮಾಣ ನೋಡಿ ಪೆಟ್ಟನ್ನು ಅಳೆಯಬೇಡಿ. ತಲೆಯ ಚರ್ಮದಲ್ಲಿ ರಕ್ತನಾಳ ಹೆಚ್ಚು. ಸುತ್ತಲಿನ ಗಟ್ಟಿ ನಾರು ಅವನ್ನು ಎಳೆದು ಹಿಡಿದಿರುವುದರಿಂದ ತುಂಡಾದ ನಾಳ ಬೇಗ ಮುದುಡುವುದಿಲ್ಲ. ಸಣ್ಣ ಗಾಯಕ್ಕೂ ಅಂಗಿಯೆಲ್ಲ ಕೆಂಪು. ಮೂಳೆ ತಗ್ಗಾಗಿಲ್ಲದಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಕಾಫಿಪುಡಿ ಮೆತ್ತಿಕೊಂಡು ಬಂದರೆ ಅದನ್ನು ತೊಳೆಯುವುದೇ ನಮಗೆ ದೊಡ್ಡ ಕೆಲಸ.

2. ಮೂಳೆ ಮುರಿಯಿತೇ ಎಂಬುದಕ್ಕಿಂತ ಒಳಗೆ ರಕ್ತ ಸೇರಿತೇ ಎಂಬುದು ಮುಖ್ಯ. ಮಿದುಳನ್ನು ಸುತ್ತುವರಿದಿರುವುದು ಎಂಟು ಮೂಳೆಗಳು. ಮುಖದ 14 ಬೇರೆ. ಒಳಗಿನ ಜಾಗ ಹೆಚ್ಚುಕಡಿಮೆ ಒಂದೂವರೆ ಲೀಟರ್. ಅದರ ಬಹುಪಾಲು ಮಿದುಳಿನದು, ಉಳಿದದ್ದು ರಕ್ತ ಮತ್ತು ಮಿದುಳ ನೀರಿನದು. ಬೆಳೆದವರ ಬುರುಡೆ ಹಿಗ್ಗುವುದಿಲ್ಲ. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲೇ ಇದನ್ನು ಬರೆದಿಟ್ಟ. ಹೊಸದಾಗಿ ರಕ್ತ ಕಟ್ಟಿದರೆ ಮೊದಲು ನೀರು ಬೆನ್ನುಹುರಿಯತ್ತ ಇಳಿದು ಜಾಗ ಬಿಡುತ್ತದೆ, ಆಮೇಲೆ ಅಶುದ್ಧ ರಕ್ತನಾಳಗಳು ಬರಿದಾಗುತ್ತವೆ. ಅಲ್ಲಿಯವರೆಗೆ ರೋಗಿ ಚೆನ್ನಾಗಿಯೇ ಕಾಣುತ್ತಾನೆ. ಅದೂ ಮುಗಿದ ಮೇಲೆ ಮಿದುಳೇ ಜರುಗಬೇಕು. ಬುರುಡೆಯ ತಳದ ದೊಡ್ಡ ರಂಧ್ರದತ್ತ ನೂಕಿಸಿಕೊಂಡು, ಉಸಿರಾಟ ನಡೆಸುವ ಮಿದುಳ ಕಾಂಡವನ್ನು ಅದುಮುತ್ತದೆ. ಒಂದು ಕಣ್ಣಿನ ಪಾಪೆ ಹಿಗ್ಗುವುದು, ಬಿಪಿ ಏರುತ್ತ ನಾಡಿ ನಿಧಾನವಾಗುವುದು ಆಗಿನ ಲಕ್ಷಣ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಉಳಿಯುವುದು ನಿಮಿಷಗಳು.

3. ಕಣ್ಣಿನ ಪಕ್ಕ, ಕಿವಿಯ ಮುಂದಿನ ಭಾಗಕ್ಕೆ ಬಿದ್ದ ಪೆಟ್ಟನ್ನು ನಾನು ಎಂದೂ ನಂಬುವುದಿಲ್ಲ. ಅಲ್ಲಿ ನಾಲ್ಕು ಮೂಳೆಗಳು ಕೂಡುತ್ತವೆ, ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ಒಂದು ಶುದ್ಧ ರಕ್ತನಾಳ ಹಾದುಹೋಗುತ್ತದೆ. ಮೂಳೆ ಸೀಳಿದರೆ ಅದೂ ಹರಿಯಬಹುದು. ಸ್ವಲ್ಪ ಹೊತ್ತು ಎಚ್ಚರ ತಪ್ಪಿದವನು ಎದ್ದು ಕೂತು, "ಏನೂ ಆಗಿಲ್ಲ ಸಾ, ಮನೆಗೋಗಿ ಮಲಗ್ತೀನಿ" ಅನ್ನುತ್ತಾನೆ. ಮನೆಯವರಿಗೂ ಅದೇ ಬೇಕು. ಒಳಗೆ ರಕ್ತ ಕಟ್ಟುತ್ತಿದ್ದರೆ ಕೆಲವು ಗಂಟೆಗಳಲ್ಲಿ ಎಬ್ಬಿಸಿದರೂ ಏಳುವುದಿಲ್ಲ. ಟೋಪಿಯಂಥ ಅರ್ಧ ಹೆಲ್ಮೆಟ್ ಸರಿಯಾಗಿ ಈ ಜಾಗವನ್ನೇ ಬಯಲಿಗೆ ಬಿಡುತ್ತದೆ. ಅದು ಪೊಲೀಸರಿಗಾಗಿ ಹಾಕುವ ಹೆಲ್ಮೆಟ್, ತಲೆಗಾಗಿ ಅಲ್ಲ.

4. "ಕುಡಿದವ್ನೆ, ಮಲಗ್ಲಿ ಬಿಡಿ" ಎಂಬ ಮಾತು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಬಾಯಿಯಲ್ಲಿ ವಾಸನೆ ಬಂದರೂ ತಲೆಯೊಳಗೆ ರಕ್ತ ಕಟ್ಟಿರಬಹುದು. ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಕಟಿಸಿದ, ಎಚ್ಚರವನ್ನು ಅಳೆಯುವ ಅಳತೆ ಇದೆ: ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ. ಪೂರ್ತಿ ಎಚ್ಚರವಿದ್ದರೆ 15, ತೀರಾ ಕೆಟ್ಟಿದ್ದರೆ 3. ಒಂದು ಸಲ ಬರೆದ ಅಂಕಿಗಿಂತ, ಅರ್ಧ ಗಂಟೆಗೊಮ್ಮೆ ಬರೆದಾಗ ಅದು ಇಳಿಯುತ್ತಿದೆಯೇ ಎಂಬುದೇ ಹೆಚ್ಚು ಹೇಳುತ್ತದೆ.

5. ಪೆಟ್ಟಾದ ಮೇಲೆ ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರಿದರೆ ನೆಗಡಿ ಅಂದುಕೊಳ್ಳಬೇಡಿ. ಬುರುಡೆಯ ತಳ ಬಿರುಕುಬಿಟ್ಟು ಮಿದುಳ ನೀರೇ ಬರುತ್ತಿರಬಹುದು. ಹತ್ತಿ ತುರುಕಬೇಡಿ, ಮೂಗು ಸೀಟಲು ಬಿಡಬೇಡಿ.

6. ಕೂಸುಗಳ ಲೆಕ್ಕ ಬೇರೆ. ನೆತ್ತಿ ಕೂಡುವುದು ಸುಮಾರು ಒಂದೂವರೆ ವರ್ಷಕ್ಕೆ. ಅಲ್ಲಿಯವರೆಗೆ ಬುರುಡೆ ಸ್ವಲ್ಪ ಹಿಗ್ಗಿ ಜಾಗ ಕೊಡುವುದರಿಂದ ಲಕ್ಷಣ ತಡವಾಗಿ ಕಾಣಿಸಬಹುದು. ಬಿದ್ದ ಮಗು ಅಳು ನಿಲ್ಲಿಸಿ ಮಂಕಾಗಿದ್ದರೆ, ನೆತ್ತಿ ಉಬ್ಬಿದ್ದರೆ, ಹಾಲು ಬೇಡವೆಂದರೆ ಕೂಡಲೇ ಕರೆತನ್ನಿ.

7. ಇಂಥ ರೋಗಿಗಳನ್ನು ಕಳುಹಿಸಬೇಕಾದ ಮಿದುಳಿನ ಆಸ್ಪತ್ರೆ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ, ನಮಗೆ ಬೆಂಗಳೂರಿನ ಆಚೆ ಬದಿಗೆ. ಯಲಹಂಕ, ಹೆಬ್ಬಾಳ ದಾಟಿ ಊರೆಲ್ಲ ಹಾಯಬೇಕು. ಅದಕ್ಕೇ ಇಲ್ಲಿ ಕಳೆಯುವ ಪ್ರತಿ ಗಂಟೆಯೂ ದುಬಾರಿ. ಎರಡನೇ ಸಲ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ತೊದಲು ಮಾತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗದಂತೆ ಹಿಡಿಯಿರಿ, ಬಾಯಿಗೆ ನೀರು ಬಿಡಬೇಡಿ. ಕೇಸಿಗೆ ಹೆದರಿ ನಿಂತು ನೋಡುವವರಿಗೊಂದು ಮಾತು: ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸದುದ್ದೇಶದಿಂದ ನೆರವಾದವರನ್ನು ರಕ್ಷಿಸುತ್ತದೆ. ಗಾಯಾಳುವನ್ನು ಕರೆತಂದವರು ತಮ್ಮ ಹೆಸರು ಕೊಡಲೇಬೇಕೆಂದಿಲ್ಲ.